ಒಂದೇ ಹೆಜ್ಜೆಯ ಕಾಲಾಳು

1814ರಲ್ಲಿ ಮುಂಬೈಯಲ್ಲಿ ಚದುರಂಗದ ಬಗ್ಗೆ ಒಂದು ಪುಸ್ತಕ ಅಚ್ಚಾಯಿತು. ಬರೆದವರು ತಿರುವೆಂಗಡಾಚಾರ್ಯ ಶಾಸ್ತ್ರಿ. ಮೂಲ ಸಂಸ್ಕೃತದಲ್ಲಿತ್ತು, ‘ವಿಲಾಸಮಣಿಮಂಜರಿ’ ಎಂದು ಅದರ ಹೆಸರು. ಮುಂಬೈಯಲ್ಲಿ ಹೊರಬಂದದ್ದು ಅದರ ಇಂಗ್ಲಿಷ್ ರೂಪ, ‘ಎಸ್ಸೇಸ್ ಆನ್ ಚೆಸ್’. ಹೆಸರಿನ ಜೊತೆಯಲ್ಲೇ ಒಂದು ವಿವರಣೆಯೂ ಇತ್ತು: ಯುರೋಪಿನವರ ಆಟದ ಪದ್ಧತಿಗೆ ಹೊಂದಿಸಿದ್ದು ಎಂದು. ಒಳಗಿದ್ದದ್ದು ಹೆಚ್ಚಾಗಿ ಬಿಕ್ಕಟ್ಟಿನ ಸ್ಥಿತಿಗಳು. ಹಾಸಿನ ಮೇಲೆ ಕಾಯಿಗಳು ಹೀಗೆ ನಿಂತಿವೆ, ಬಿಳಿಯ ಸರದಿ, ಎದುರಾಳಿಯ ರಾಜನನ್ನು ಕಟ್ಟುವುದು ಹೇಗೆ ಎಂಬ ಬಗೆಯವು.

ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ‘ಹೊಂದಿಸಿದ್ದು’ ಎಂಬ ಮಾತು. ಚದುರಂಗ ಹುಟ್ಟಿದ ನಾಡಿನ ಪಂಡಿತನೊಬ್ಬ ತನ್ನ ಆಟವನ್ನು ಹೊರಗಿನಿಂದ ಬಂದ ನಿಯಮಕ್ಕೆ ಹೊಂದಿಸಿ ಬರೆಯಬೇಕಾಯಿತು. ಅಂದರೆ ಆ ಹೊತ್ತಿಗೆ ಎರಡು ಚದುರಂಗಗಳಿದ್ದವು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಅಗತ್ಯ ಈ ಬಂದರು ನಗರದಲ್ಲಿ ಇನ್ನೂರು ವರ್ಷಗಳ ಹಿಂದೆಯೇ ಹುಟ್ಟಿತ್ತು. ಇವತ್ತು ದಾದರ್‌ನಿಂದ ಡೊಂಬಿವಲಿಯವರೆಗೆ ಚೆಸ್ ಕ್ಲಾಸುಗಳಲ್ಲಿ ಕೂತ ಮಕ್ಕಳು ‘ಕಿಂಗ್ಸ್ ಇಂಡಿಯನ್’, ‘ಕ್ವೀನ್ಸ್ ಇಂಡಿಯನ್’, ‘ನಿಮ್ಜೊ ಇಂಡಿಯನ್’ ಎಂಬ ಆರಂಭಗಳನ್ನು ಬಾಯಿಪಾಠ ಮಾಡುತ್ತಾರಲ್ಲ, ಆ ‘ಇಂಡಿಯನ್’ ಎಂಬುದರ ಬೇರು ಇರುವುದು ಈ ಎರಡು ಆಟಗಳ ನಡುವಿನ ಅಂತರದಲ್ಲಿ. ಕ್ಲಾಸುಗಳಲ್ಲಿ ಇದನ್ನು ಹೇಳಿಕೊಡುವುದು ಅಪರೂಪ. ಹೇಳಿಕೊಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಈ ಅಂಕಣ ಅದಕ್ಕಾಗಿಯೇ.

ಮೊದಲು ಕಾಯಿಗಳ ಹೆಸರು. ಮುಂಬೈಯ ಮರಾಠಿ ಮನೆಗಳಲ್ಲೂ ನಮ್ಮ ಕಡೆಯ ಮನೆಗಳಲ್ಲೂ ಮೂಲೆಯಲ್ಲಿ ನಿಂತು ನೇರ ಓಡುವುದು ಆನೆ, ಓರೆಯಾಗಿ ಓಡುವುದು ಒಂಟೆ. ನಾನೂ ಹಾಗೆಯೇ ಬರೆಯುತ್ತೇನೆ. ಹಾಸಿನ ಕಂಬಸಾಲುಗಳಿಗೆ ಎಡದಿಂದ ಎ, ಬಿ, ಸಿ ಎಂದು ಎಚ್‌ವರೆಗೆ ಹೆಸರು. ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8. ಹೀಗೆ ಅರವತ್ತನಾಲ್ಕು ಮನೆಗಳಿಗೂ ಒಂದೊಂದು ವಿಳಾಸ. ನಡುವಿನ ನಾಲ್ಕು ಮನೆಗಳು, ಅಂದರೆ ಡಿ4, ಇ4, ಡಿ5, ಇ5, ಆಟದ ಹೃದಯ.

ನಮ್ಮ ಹಳೆಯ ದೇಶಿ ಆಟದಲ್ಲಿ ರಾಣಿ, ಒಂಟೆ, ಕುದುರೆ, ಆನೆಗಳ ಓಟ ಈಗಿನಂತೆಯೇ ಇತ್ತು. ಬೇರೆಯಾಗಿದ್ದದ್ದು ರಾಜ ಮತ್ತು ಕಾಲಾಳಿನ ವಿಷಯದಲ್ಲಿ. ಯುರೋಪಿನ ಆಟದಲ್ಲಿ ಕಾಲಾಳು ತನ್ನ ಮೊದಲ ನಡೆಯಲ್ಲಿ ಬೇಕಾದರೆ ಎರಡು ಮನೆ ಹಾರಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಒಂದೇ ಹೆಜ್ಜೆ. ಯುರೋಪಿನಲ್ಲಿ ಕ್ಯಾಸ್ಲಿಂಗ್ ಇತ್ತು, ಅಂದರೆ ರಾಜ ಮತ್ತು ಆನೆ ಒಂದೇ ನಡೆಯಲ್ಲಿ ಜಾಗ ಬದಲಿಸಿಕೊಂಡು ರಾಜನನ್ನು ಮೂಲೆಗೆ ಸೇರಿಸುವ ಅವಕಾಶ. ನಮ್ಮಲ್ಲಿ ಅದಿರಲಿಲ್ಲ. ಬದಲಿಗೆ ರಾಜ ಇಡೀ ಆಟದಲ್ಲಿ ಒಮ್ಮೆ, ಇನ್ನೂ ಚೆಕ್ ತಿನ್ನುವ ಮೊದಲು, ಕುದುರೆಯ ಹಾಗೆ ಜಿಗಿಯಬಹುದಿತ್ತು. ಎಂಟನೇ ಸಾಲು ಮುಟ್ಟಿದ ಕಾಲಾಳು ಅಲ್ಲಿ ತಾನು ಬಯಸಿದ್ದು ಆಗುವಂತಿರಲಿಲ್ಲ. ಯಾವ ಕಂಬಸಾಲಿನಲ್ಲಿ ನಡೆದು ಬಂದಿತೋ ಆ ಸಾಲಿನ ಯಜಮಾನ ಕಾಯಿ ಆಗಬೇಕಿತ್ತು. ಆನೆಯ ಮುಂದಿನ ಕಾಲಾಳು ಆನೆ, ಕುದುರೆಯ ಮುಂದಿನದು ಕುದುರೆ.

ಇವು ಸಣ್ಣ ವ್ಯತ್ಯಾಸಗಳಂತೆ ಕಾಣುತ್ತವೆ. ಆದರೆ ಆಟದ ಮೊದಲ ಹತ್ತು ನಡೆಗಳನ್ನು ಇವು ಪೂರ್ತಿ ಬದಲಿಸಿಬಿಡುತ್ತವೆ. ಎರಡು ಮನೆ ಹಾರುವ ಕಾಲಾಳಿದ್ದರೆ ಇಬ್ಬರೂ ಮೊದಲ ನಡೆಯಲ್ಲೇ ನಡುಮನೆಗೆ ನುಗ್ಗಬಹುದು, ಮೂರನೇ ನಡೆಗೆ ಕೈಕೈ ಮಿಲಾಯಿಸಬಹುದು. ಒಂದೇ ಹೆಜ್ಜೆಯ ಕಾಲಾಳಿದ್ದರೆ ಸೇನೆಗಳು ಬಹಳ ಹೊತ್ತು ತಮ್ಮ ತಮ್ಮ ಗಡಿಯೊಳಗೇ ಇರುತ್ತವೆ. ಡಿ6, ಇ6, ಜಿ6, ಬಿ6 ಎಂದು ಕಪ್ಪಿನ ಕಡೆಯಿಂದ ಮೂರನೇ ಸಾಲಿನಲ್ಲಿ ಕಾಲಾಳುಗಳ ಬೇಲಿ ಏಳುತ್ತದೆ. ಜಿ ಕಾಲಾಳು ಒಂದು ಹೆಜ್ಜೆ ಇಟ್ಟ ಕೂಡಲೇ ಅದರ ಹಿಂದೆ ಜಿ7 ಖಾಲಿಯಾಗುತ್ತದೆ. ಅಲ್ಲಿ ಒಂಟೆಯನ್ನು ಕೂರಿಸಿದರೆ ಎಚ್8ರಿಂದ ಎ1ರವರೆಗಿನ ಉದ್ದನೆಯ ಓರೆದಾರಿ ಅದರ ಕಣ್ಣಳತೆಗೆ ಬರುತ್ತದೆ. ಇ8ರಲ್ಲಿ ನಿಂತ ರಾಜನಿಗೂ ಕುದುರೆ ಜಿಗಿತದಲ್ಲಿ ಸಿಗುವ ಮನೆಗಳಲ್ಲಿ ಜಿ7 ಒಂದು. ಹೀಗೆ ಜಿ6 ಎಂಬ ಪುಟ್ಟ ಹೆಜ್ಜೆಗೆ ಆ ಆಟದಲ್ಲಿ ಸಹಜವಾದ ಕಾರಣಗಳಿದ್ದವು. ನಡುಮನೆಯನ್ನು ಕಾಲಾಳಿನಿಂದ ತುಂಬುವ ಆತುರ ಇಲ್ಲ. ದೂರದಿಂದ ಅದರ ಮೇಲೆ ಕಣ್ಣಿಡುವುದೇ ರೂಢಿ. ಅಂಥ ಆಟ ಆಡಿ ಬೆಳೆದ ಕೈ ಯುರೋಪಿನ ನಿಯಮಕ್ಕೆ ಬಂದಾಗಲೂ ಅದೇ ಬೇಲಿಯನ್ನು ಕಟ್ಟುತ್ತದೆ. ಅದಕ್ಕೆ ಸಾಕ್ಷಿ ಕಲ್ಕತ್ತದಲ್ಲಿ ಸಿಗುತ್ತದೆ.

ಜಾನ್ ಕಾಕ್ರೇನ್ ಸ್ಕಾಟ್ಲೆಂಡಿನ ಬ್ಯಾರಿಸ್ಟರ್. 1798ರಲ್ಲಿ ಹುಟ್ಟಿದವರು, ತಮ್ಮ ಕಾಲದ ಬಲಾಢ್ಯ ಆಟಗಾರರಲ್ಲಿ ಒಬ್ಬರು. ಲಂಡನ್ನಿನಲ್ಲಿದ್ದಾಗ ಹವರ್ಡ್ ಸ್ಟಾಂಟನ್‌ನಂಥ ದಿಗ್ಗಜನ ಎದುರು ಲೆಕ್ಕವಿಲ್ಲದಷ್ಟು ಆಟ ಆಡಿದ್ದರು. ಕಲ್ಕತ್ತದಲ್ಲಿ ವಕೀಲಿಕೆ ಮಾಡುತ್ತಿದ್ದಾಗ ಅವರಿಗೆ ಸರಿಜೋಡಿಯಾಗಿ ಸಿಕ್ಕವರು ಮಹೇಶಚಂದ್ರ ಬ್ಯಾನರ್ಜಿ. ಹಳ್ಳಿಗಾಡಿನಲ್ಲಿ ಯಾರಿಗೂ ಸೋಲದ ಒಬ್ಬ ಬ್ರಾಹ್ಮಣನಿದ್ದಾನೆ ಎಂಬ ಸುದ್ದಿ ಕೇಳಿ ಕಲ್ಕತ್ತ ಚೆಸ್ ಕ್ಲಬ್ಬಿನವರು ಹುಡುಕಿಕೊಂಡು ಹೋಗಿ ಕರೆತಂದದ್ದು ಇವರನ್ನು. ದೇಶಿ ನಿಯಮದಲ್ಲಿ ಪಳಗಿದ್ದ ಮಹೇಶಚಂದ್ರ ಯುರೋಪಿನ ನಿಯಮ ಕಲಿತು ಕಾಕ್ರೇನ್ ಜೊತೆ ನೂರಾರು ಆಟ ಆಡಿದರು. ಕಾಕ್ರೇನ್ ಅವನ್ನು ಬರೆದಿಟ್ಟು ಇಂಗ್ಲೆಂಡಿನ ಪತ್ರಿಕೆಗಳಿಗೆ ಕಳಿಸಿದ್ದರಿಂದ ಅವುಗಳಲ್ಲಿ ಹಲವು ಉಳಿದಿವೆ. ಇಲ್ಲದಿದ್ದರೆ ಈ ಬಂಗಾಳಿ ಆಟಗಾರನ ಹೆಸರೂ ನಮಗೆ ತಿಳಿಯುತ್ತಿರಲಿಲ್ಲ.

1855ರ ಮೇ ತಿಂಗಳಲ್ಲಿ ಇವರಿಬ್ಬರು ಆಡಿದ ಒಂದು ಆಟವನ್ನು ನಿಧಾನವಾಗಿ ನೋಡೋಣ. ಮನೆಯಲ್ಲಿ ಹಾಸು ಇದ್ದರೆ ಎದುರಿಗಿಟ್ಟುಕೊಳ್ಳಿ.

ಬಿಳಿ ಕಾಕ್ರೇನ್‌ದು. ಮೊದಲ ನಡೆ ಡಿ4. ಆ ಕಾಲದ ಯುರೋಪಿನಲ್ಲಿ ಇದಕ್ಕೆ ಮರ್ಯಾದಸ್ಥ ಉತ್ತರವೆಂದರೆ ಡಿ5, ನಿನ್ನ ಕಾಲಾಳಿಗೆ ನನ್ನ ಕಾಲಾಳು ಎದುರು. ಮಹೇಶಚಂದ್ರ ಕುದುರೆಯನ್ನು ಎಫ್6ಕ್ಕೆ ತಂದರು. ಕಾಕ್ರೇನ್ ಸಿ4. ಮಹೇಶಚಂದ್ರ ಜಿ6, ಅದೇ ಪುಟ್ಟ ಹೆಜ್ಜೆ. ಕಾಕ್ರೇನ್ ಕುದುರೆಯನ್ನು ಸಿ3ಕ್ಕೆ ತಂದಾಗ ಇವರು ಡಿ5 ಆಡಿದರು. ಆಮೇಲೆ ಒಂಟೆ ಜಿ7ಕ್ಕೆ, ರಾಜ ಕ್ಯಾಸ್ಲಿಂಗ್ ಮಾಡಿ ಅದರ ಮಗ್ಗುಲಿಗೆ. ಬಿಳಿಯ ಸಿ ಕಾಲಾಳು ಡಿ5ರಲ್ಲಿ ಹೊಡೆದಾಗ ಕಪ್ಪು ಕುದುರೆಯಿಂದ ತಿರುಗಿ ಹೊಡೆಯಿತು; ಆ ಕುದುರೆ ಸಿ3ರ ಬಿಳಿ ಕುದುರೆಯನ್ನು ಕೊಂದು ತಾನೂ ಸತ್ತಿತು. ಈಗ ಬಿಳಿಯ ಕೈಯಲ್ಲಿ ನಡುವೆ ದಪ್ಪನೆಯ ಕಾಲಾಳುಗಳಿವೆ. ಕಪ್ಪಿನ ಕೈಯಲ್ಲಿ ಜಿ7ರ ಒಂಟೆ, ಅದರ ಓರೆದಾರಿ ಆ ಕಾಲಾಳುಗಳ ಬುಡಕ್ಕೇ ಗುರಿಯಿಟ್ಟಿದೆ. ಎಂಟನೇ ನಡೆಯಲ್ಲಿ ಮಹೇಶಚಂದ್ರ ಸಿ5 ಆಡುತ್ತಾರೆ. ಮುಂದೆ ಕುದುರೆ ಸಿ6ಕ್ಕೆ, ಇನ್ನೊಂದು ಒಂಟೆ ಜಿ4ಕ್ಕೆ, ಆನೆ ಸಿ8ಕ್ಕೆ. ಪ್ರತಿ ಕಾಯಿಯೂ ಡಿ4ರ ಮೇಲೆ ಒತ್ತಡ ಹಾಕುವ ಜಾಗದಲ್ಲೇ ಬಂದು ನಿಲ್ಲುತ್ತದೆ.

ಈ ಹನ್ನೆರಡು ನಡೆಗಳನ್ನು ಇಂದಿನ ಗ್ರ್ಯಾಂಡ್‌ಮಾಸ್ಟರ್ ಒಬ್ಬರಿಗೆ ವರ್ಷ ಹೇಳದೆ ತೋರಿಸಿದರೆ ‘ಗ್ರುನ್‌ಫೆಲ್ಡ್ ಡಿಫೆನ್ಸ್’ ಎಂದು ಹೇಳಿ ಮುಂದಿನ ಪುಟ ತಿರುಗಿಸುತ್ತಾರೆ. ಆ ಹೆಸರು ಬಂದದ್ದು ವಿಯೆನ್ನಾದ ಅರ್ನ್‌ಸ್ಟ್ ಗ್ರುನ್‌ಫೆಲ್ಡ್ ಅವರಿಂದ, 1922ರಲ್ಲಿ. ಅದೇ ವರ್ಷ ಅವರು ಈ ಆರಂಭದಿಂದಲೇ ದಿಗ್ಗಜ ಅಲೆಖೈನ್‌ರನ್ನು ಸೋಲಿಸಿ ಜಗತ್ತಿನ ಗಮನ ಸೆಳೆದರು. ಮಹೇಶಚಂದ್ರರು ಅದನ್ನು ಆಡಿ ಅಷ್ಟು ಹೊತ್ತಿಗೆ 67 ವರ್ಷ ಕಳೆದಿತ್ತು.

ಆಟದ ಕೊನೆಯನ್ನೂ ಹೇಳಬೇಕು, ಯಾಕೆಂದರೆ ಅದು ಕಾಕ್ರೇನ್ ಅವರ ಕೈಚಳಕ. ಅಷ್ಟು ಚೆನ್ನಾಗಿ ಕಾಯಿಗಳನ್ನು ಹೊರತಂದ ಮಹೇಶಚಂದ್ರ ರಾಣಿಯನ್ನು ಎ5ಕ್ಕೆ, ಬಿ6ಕ್ಕೆ ಅಲೆಸಿ ಮತ್ತೆ ಹೊರಟಲ್ಲಿಗೇ, ಡಿ8ಕ್ಕೆ, ವಾಪಸು ತಂದರು. ಅಷ್ಟರಲ್ಲಿ ಬಿಳಿ ರಾಣಿ ಬಿ3ಕ್ಕೆ ಬಂದು ಕಪ್ಪು ರಾಜನ ಪಕ್ಕದ ಎಫ್7ರ ಮೇಲೆ ಓರೆಗಣ್ಣು ಬಿಟ್ಟಾಗಿತ್ತು. ಕುದುರೆ ಜಿ5ಕ್ಕೆ ಹಾರಿತು. ಕಪ್ಪು ತನಗೆ ಸಿಕ್ಕ ಒಂಟೆಯನ್ನು ಹೊಡೆಯಿತು. ಕುದುರೆ ಎಫ್7ಕ್ಕೆ ನುಗ್ಗಿತು. ಮಹೇಶಚಂದ್ರ ತಮ್ಮ ಕುದುರೆಯನ್ನು ಎ5ಕ್ಕೆ ತಂದು ಬಿಳಿ ರಾಣಿಯನ್ನು ಬೆದರಿಸಿದರು. ಅಲ್ಲಿಗೆ ಆಟ ಮುಗಿದಂತೆಯೇ. ಬಿಳಿ ಕುದುರೆ ಎಚ್6ಕ್ಕೆ, ಒಮ್ಮೆಗೇ ರಾಣಿಯಿಂದಲೂ ಕುದುರೆಯಿಂದಲೂ ಚೆಕ್. ರಾಜ ಮೂಲೆಗೆ. ಬಿಳಿ ರಾಣಿ ತಾನಾಗಿಯೇ ಜಿ8ಕ್ಕೆ ಹೋಗಿ ಸಾಯುತ್ತಾಳೆ; ಅವಳನ್ನು ಹೊಡೆಯಲು ಬಂದ ಆನೆಯೇ ರಾಜನ ದಾರಿಗೆ ಗೋಡೆ. ಕುದುರೆ ಎಫ್7ಕ್ಕೆ, ಮಾತ್. ತನ್ನವರ ನಡುವೆಯೇ ಉಸಿರುಗಟ್ಟಿದ ರಾಜ.

ಸೋಲಿನಿಂದ ಆರಂಭದ ಬೆಲೆ ಕಡಿಮೆಯಾಗುವುದಿಲ್ಲ. ಹದಿಮೂರನೇ ನಡೆಯ ನಂತರ ನಡೆದ ತಪ್ಪಿಗೆ ಮೊದಲ ಹನ್ನೆರಡು ನಡೆಗಳು ಹೊಣೆಯಲ್ಲ. ಆರಂಭ ಆಟವನ್ನು ಗೆಲ್ಲಿಸಿಕೊಡುವುದಿಲ್ಲ, ಆಡಬಲ್ಲ ಸ್ಥಿತಿಯೊಂದನ್ನು ಕೊಡುತ್ತದೆ, ಅಷ್ಟೆ. ಮಕ್ಕಳು ಒಂದು ಪಂದ್ಯ ಸೋತ ಕೂಡಲೇ ‘ಈ ಓಪನಿಂಗ್ ಬೇಡ, ಬೇರೆ ಕಲಿಸಿ’ ಎಂದು ಕೋಚ್ ಹತ್ತಿರ ಓಡುವ ತಂದೆತಾಯಿಗಳು ಈ ಆಟವನ್ನು ಒಮ್ಮೆ ಕೂತು ನೋಡಬೇಕು.

ಅದೇ ಜೋಡಿಯ ಇನ್ನೊಂದು ಆಟದಲ್ಲಿ ಗೆಲುವು ಮಹೇಶಚಂದ್ರರದು. ಅಲ್ಲಿ ಕಾಕ್ರೇನ್ ಸಿ4, ಡಿ4, ಇ4, ಎಫ್4 ಎಂದು ನಾಲ್ಕು ಕಾಲಾಳುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಕಿಂಗ್ಸ್ ಇಂಡಿಯನ್ ಎದುರಿನ ಈ ದಾಳಿಗೆ ಇಂದಿಗೂ ‘ಫೋರ್ ಪಾನ್ಸ್ ಅಟ್ಯಾಕ್’ ಎಂದೇ ಹೆಸರು. ಕಪ್ಪಿನ ಕಡೆ ಡಿ6, ಜಿ6, ಜಿ7ರಲ್ಲಿ ಒಂಟೆ, ಕ್ಯಾಸ್ಲಿಂಗ್. ನೋಡುವವರಿಗೆ ಕಪ್ಪು ಹೆದರಿ ಮುದುಡಿದಂತೆ ಕಾಣುತ್ತದೆ. ಏಳನೇ ನಡೆಯಲ್ಲಿ ಮಹೇಶಚಂದ್ರ ಇ5 ಎಂದು ಆ ಗೋಡೆಗೆ ಗುದ್ದಿದರು. ಮುಂದೆ ಒಂದು ಕುದುರೆಯನ್ನೇ ಬಲಿಕೊಟ್ಟು ನಡುವನ್ನು ಸೀಳಿದರು. ಬಿಳಿ ಕುದುರೆ ಇ6ಕ್ಕೆ ಬಂದು ಏಕಕಾಲಕ್ಕೆ ರಾಣಿಗೂ ಆನೆಗೂ ಗುರಿಯಿಟ್ಟಾಗ ಅವರು ರಾಣಿಯನ್ನು ಕದಲಿಸಲಿಲ್ಲ. ಕಾಲಾಳಿನಿಂದ ಎಫ್3ರ ಕುದುರೆಯನ್ನು ಹೊಡೆದರು. ಬಿಳಿ ರಾಣಿಯನ್ನು ಹೊಡೆಯಿತು, ಕಪ್ಪು ಕಾಲಾಳು ಜಿ2ಕ್ಕೆ ಇಳಿಯಿತು, ಅದು ದಾರಿ ಬಿಟ್ಟ ಕೂಡಲೇ ಹಿಂದಿದ್ದ ಒಂಟೆಗೆ ಬಿಳಿ ರಾಣಿ ಸಿಕ್ಕಳು. ಆ ನಡೆಗಳನ್ನು ಕಂಪ್ಯೂಟರ್ ಇಂದು ಪೂರ್ತಿ ಒಪ್ಪದಿರಬಹುದು. ಹಾಸಿನ ಎದುರು ಕೂತಿದ್ದ ಮನುಷ್ಯನಿಗೆ ಅವನ್ನು ಎದುರಿಸಲಾಗಲಿಲ್ಲ.

ಈ ಎರಡು ಆಟಗಳ ಒಳಗಿರುವ ವಿಚಾರ ಒಂದೇ: ನಡುಮನೆಯನ್ನು ಎದುರಾಳಿಗೆ ಬಿಟ್ಟುಕೊಡು, ಅವನು ಅದನ್ನು ಹಿಡಿದಿಡಲು ಹೆಣಗಲಿ. ವಿರಾರ್ ಲೋಕಲ್ಲಿನ ಬಾಗಿಲಲ್ಲಿ ಮೊದಲೇ ಜಾಗ ಹಿಡಿದು ನಿಂತವನಿಗೆ ಗಾಳಿ ಸಿಗುತ್ತದೆ ನಿಜ. ಆದರೆ ಪ್ರತಿ ಸ್ಟೇಷನ್ನಿನಲ್ಲೂ ಹತ್ತುವವರ ಇಳಿಯುವವರ ನೂಕು ಅವನ ಮೈಮೇಲೇ. ನಡುವಿನ ಕಾಲಾಳುಗಳ ಪಾಡೂ ಅದೇ. ಅವು ಮುಂದೆ ಹೋದಷ್ಟೂ ಕಾಯಬೇಕಾದ ಜಾಗ ಹೆಚ್ಚುತ್ತದೆ, ಹಿಂದೆ ಬಿಟ್ಟ ಮನೆಗಳು ಬರಿದಾಗುತ್ತವೆ, ಒಮ್ಮೆ ಮುಂದಿಟ್ಟ ಹೆಜ್ಜೆಯನ್ನು ಹಿಂತೆಗೆಯುವಂತೆಯೂ ಇಲ್ಲ.

ಯುರೋಪು ಈ ವಿಚಾರವನ್ನು ಸಿದ್ಧಾಂತವೆಂದು ಒಪ್ಪಿದ್ದು 1920ರ ದಶಕದಲ್ಲಿ. ನಿಮ್ಜೊವಿಚ್, ರೇಟಿ, ಗ್ರುನ್‌ಫೆಲ್ಡ್, ಟಾರ್ಟಕೋವರ್ ಮೊದಲಾದವರು ನಡುಮನೆಯನ್ನು ಕಾಲಾಳಿನಿಂದ ತುಂಬಲೇಬೇಕು ಎಂಬ ಹಳೆಯ ಗುರುಗಳ ಪಾಠವನ್ನು ಪ್ರಶ್ನಿಸಿದರು. ‘ಹೈಪರ್‌ಮಾಡರ್ನ್’ ಎಂದು ಅವರ ಪಂಥಕ್ಕೆ ಹೆಸರು ಬಂತು. 1924ರಲ್ಲಿ ನ್ಯೂಯಾರ್ಕ್‌ನಲ್ಲಿ ರೇಟಿ ಈ ಬಗೆಯ ಆಟದಿಂದಲೇ ಕಾಪಾಬ್ಲಾಂಕಾರನ್ನು ಮಣಿಸಿದಾಗ, ಆ ವಿಶ್ವ ಚಾಂಪಿಯನ್ ಎಂಟು ವರ್ಷಗಳಲ್ಲಿ ಕಂಡ ಮೊದಲ ಸೋಲು ಅದಾಗಿತ್ತು. ಈ ಆರಂಭಗಳಿಗೆ ‘ಇಂಡಿಯನ್’ ಎಂಬ ಕುಲನಾಮ ರೂಢಿಯಾದದ್ದೂ ಅದೇ ದಶಕದಲ್ಲಿ, ಕಲ್ಕತ್ತದ ಆ ಹಳೆಯ ಆಟಗಳ ನೆನಪಿನಿಂದ. ಯುರೋಪಿಗೆ ಅತ್ಯಾಧುನಿಕವಾಗಿ ಕಂಡದ್ದು ನಮ್ಮ ಹಳ್ಳಿಯ ಜಗಲಿಯಲ್ಲಿ ಹಳೆಯ ರೂಢಿಯಾಗಿತ್ತು. ಈ ಸಂಗತಿ ನನಗೆ ಹೆಮ್ಮೆಗಿಂತ ಹೆಚ್ಚಾಗಿ ಅಚ್ಚರಿ ಕೊಡುತ್ತದೆ: ನಿಯಮ ಅಳಿದುಹೋಗಿ, ಆ ನಿಯಮದಿಂದ ಹುಟ್ಟಿದ ಕೈರೂಢಿ ಮಾತ್ರ ಹೊಸ ನಿಯಮದೊಳಗೆ ಬದುಕಿಕೊಂಡಿತು.

ಇಲ್ಲಿ ಮೀರ್ ಸುಲ್ತಾನ್ ಖಾನ್ ನೆನಪಾಗಬೇಕು. ಪಂಜಾಬಿನವರು, ದೇಶಿ ನಿಯಮದಲ್ಲೇ ಬೆಳೆದವರು. ಸರ್ ಉಮರ್ ಹಯಾತ್ ಖಾನ್ ಅವರ ಆಶ್ರಯದಲ್ಲಿ 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932, 1933ರಲ್ಲಿ ಮತ್ತೆ ಆದರು. ಆರಂಭಗಳ ಪುಸ್ತಕಜ್ಞಾನ ಅವರಿಗೆ ಇಲ್ಲವೆನ್ನುವಷ್ಟು ಕಡಿಮೆ. 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಅವರ ಎದುರು ಕಪ್ಪು ಕಾಯಿ ಹಿಡಿದು ಕೂತ ಕಾಪಾಬ್ಲಾಂಕಾ ಆಡಿದ್ದು ಕ್ವೀನ್ಸ್ ಇಂಡಿಯನ್! ಕ್ಯೂಬಾದ ಮಾಜಿ ವಿಶ್ವ ಚಾಂಪಿಯನ್ ಭಾರತದ ಆಟಗಾರನ ಎದುರು ಭಾರತದ ಹೆಸರಿನ ಆರಂಭ ಆರಿಸಿಕೊಂಡರು. ಸುಲ್ತಾನ್ ಖಾನ್ ಐದನೇ ನಡೆಯಲ್ಲಿ ಎ ಕಾಲಾಳನ್ನು ಒಂದೇ ಒಂದು ಹೆಜ್ಜೆ ಮುಂದಿಟ್ಟರು, ಎ3. ಕಪ್ಪು ಒಂಟೆ ಬಿ4ಕ್ಕೆ ಬರದಂತೆ ತಡೆಯುವ ಸದ್ದಿಲ್ಲದ ನಡೆ. ಮುಂದೆ ವಿಶ್ವ ಚಾಂಪಿಯನ್ ಆದ ಪೆಟ್ರೋಸ್ಯಾನ್ ಹೆಸರಿನಲ್ಲಿ ಈ ಎ3 ಪ್ರಸಿದ್ಧವಾಯಿತು, 1980ರ ದಶಕದಲ್ಲಿ ಕಾಸ್ಪರೋವ್ ಅದನ್ನು ಹರಿತವಾದ ಆಯುಧ ಮಾಡಿಕೊಂಡರು. ಸುಲ್ತಾನ್ ಖಾನ್ 65 ನಡೆಗಳಲ್ಲಿ ಕಾಪಾಬ್ಲಾಂಕಾರನ್ನು ಸೋಲಿಸಿದರು. ಬದುಕಿದ್ದಾಗ ಅವರಿಗೆ ಗ್ರ್ಯಾಂಡ್‌ಮಾಸ್ಟರ್ ಬಿರುದು ಸಿಗಲಿಲ್ಲ. ತೀರಿಕೊಂಡ 58 ವರ್ಷಗಳ ನಂತರ, 2024ರಲ್ಲಿ, ವಿಶ್ವ ಚೆಸ್ ಸಂಸ್ಥೆ ಫಿಡೆ ಅದನ್ನು ಗೌರವಾರ್ಥ ಕೊಟ್ಟಿತು.

ನಮ್ಮ ಕನ್ನಡ ನಾಡಿನಲ್ಲೂ ಹಳೆಯ ಆಟಕ್ಕೆ ದೊಡ್ಡ ಆಶ್ರಯವಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಾಸಿನ ಆಟಗಳನ್ನು ಶಾಸ್ತ್ರದಂತೆ ಅಭ್ಯಾಸ ಮಾಡಿದವರು. ಕುದುರೆಯೊಂದು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ‘ಕುದುರೆ ಪ್ರಯಾಣ’ಗಳನ್ನು ಅವರು ರಚಿಸಿದ್ದು ಗಣಿತದ ಇತಿಹಾಸ ಬರೆಯುವವರಿಗೂ ಗೊತ್ತು.

ಮುಂಬೈಗೆ ಮರಳೋಣ. ಅಖಿಲ ಭಾರತ ಚೆಸ್ ಫೆಡರೇಷನ್ ಹುಟ್ಟಿದ್ದು 1951ರಲ್ಲಿ. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1955ರಲ್ಲಿ ಆಂಧ್ರದ ಏಲೂರಿನಲ್ಲಿ. ಪ್ರಶಸ್ತಿ ಹಂಚಿಕೊಂಡ ಇಬ್ಬರಲ್ಲಿ ಒಬ್ಬರು ಮಹಾರಾಷ್ಟ್ರದ ರಾಮಚಂದ್ರ ಸಪ್ರೆ. ದೇಶದ ಹಲವೆಡೆ ಆಗಲೂ ದೇಶಿ ನಿಯಮದ ಆಟ ನಡೆದೇ ಇತ್ತು. ಅಲ್ಲಿಂದ ಇಪ್ಪತ್ತೊಂದು ವರ್ಷಕ್ಕೆ, 1976ರಲ್ಲಿ, ಪುರುಷರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಇದೇ ಸಪ್ರೆ ಹದಿಮೂರು ವರ್ಷದ ಹುಡುಗಿಯೊಬ್ಬಳ ಎದುರು ಸೋತರು. ಆಕೆ ಮುಂಬೈಯ ರೋಹಿಣಿ ಖಾಡಿಲ್ಕರ್.

ಗಿರಗಾಂವ್‌ನ ಖಾಡಿಲ್ಕರ್ ಮನೆತನ ‘ನವಾಕಾಳ’ ಪತ್ರಿಕೆಯದು. ಸಂಪಾದಕ ನೀಲಕಂಠ ಖಾಡಿಲ್ಕರ್ ಅವರ ಮೂವರು ಹೆಣ್ಣುಮಕ್ಕಳು ವಾಸಂತಿ, ಜಯಶ್ರೀ, ರೋಹಿಣಿ. 1974ರಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದ ಮೊದಲ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಷಿಪ್ ಗೆದ್ದದ್ದು ವಾಸಂತಿ. ಮುಂದೆ ಸುಮಾರು ಒಂದು ದಶಕ ಆ ಪ್ರಶಸ್ತಿ ಹೆಚ್ಚಾಗಿ ಈ ಮೂವರ ನಡುವೆಯೇ ಓಡಾಡಿತು. ರೋಹಿಣಿ ಪುರುಷರ ಸ್ಪರ್ಧೆಗೆ ಇಳಿದಾಗ ಗದ್ದಲವೆದ್ದಿತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಆಗ ಫಿಡೆ ಅಧ್ಯಕ್ಷರಾಗಿದ್ದ ಮಾಜಿ ವಿಶ್ವ ಚಾಂಪಿಯನ್ ಮ್ಯಾಕ್ಸ್ ಯೂವೆ, ಹೆಂಗಸರು ಎಂಬ ಕಾರಣಕ್ಕೆ ಯಾವ ರಾಷ್ಟ್ರೀಯ, ಅಂತರರಾಷ್ಟ್ರೀಯ ಸ್ಪರ್ಧೆಯಿಂದಲೂ ಹೊರಗಿಡುವಂತಿಲ್ಲ ಎಂದು ತೀರ್ಪು ಕೊಟ್ಟರು. ಇಂದು ನಮ್ಮ ಹೆಣ್ಣುಮಕ್ಕಳು ‘ಓಪನ್’ ವಿಭಾಗದಲ್ಲಿ ನಿರಾತಂಕವಾಗಿ ಹೆಸರು ಬರೆಸುವುದರ ಹಿಂದೆ ಗಿರಗಾಂವ್‌ನ ಆ ಹುಡುಗಿಯ ಹಟವಿದೆ. 1981ರಲ್ಲಿ ರೋಹಿಣಿ ಏಷ್ಯನ್ ಮಹಿಳಾ ಚಾಂಪಿಯನ್ ಆದರು. ಪುರುಷರಲ್ಲಿ ಮುಂಬೈಯ ಪ್ರವೀಣ್ ಥಿಪ್ಸೆ 1997ರಲ್ಲಿ, ವಿಶ್ವನಾಥನ್ ಆನಂದ್ ಮತ್ತು ದಿಬ್ಯೇಂದು ಬರುವಾ ನಂತರ, ದೇಶದ ಮೂರನೇ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕ ತನ್ನ ಮೊದಲ ಗ್ರ್ಯಾಂಡ್‌ಮಾಸ್ಟರನ್ನು, ಮೈಸೂರಿನ ತೇಜಕುಮಾರ್ ಅವರನ್ನು, ಕಾಣಲು 2017ರವರೆಗೆ ಕಾಯಬೇಕಾಯಿತು. 2019ರ ಅಕ್ಟೋಬರ್‌ನಲ್ಲಿ ವಿಶ್ವ ಯುವ ಚಾಂಪಿಯನ್‌ಷಿಪ್ ಪವಾಯಿಯಲ್ಲಿ ನಡೆದಾಗ 18ರೊಳಗಿನವರ ಚಿನ್ನ ಗೆದ್ದದ್ದು ಆಗಿನ್ನೂ ಹದಿನಾಲ್ಕು ವರ್ಷದ ಪ್ರಜ್ಞಾನಂದ.

ಇಂಥ ಗೆಲುವುಗಳ ಅಲೆಯ ಜೊತೆಗೇ ಮುಂಬೈಯ ಉಪನಗರಗಳಲ್ಲಿ ಕ್ಲಾಸುಗಳು ತುಂಬಿವೆ. ಭಾನುವಾರದ ರ‍್ಯಾಪಿಡ್ ಪಂದ್ಯಾವಳಿಗಳಲ್ಲಿ, ಶಾಲೆಯ ಸಭಾಂಗಣದ ಹೊರಗೆ ಮೆಟ್ಟಿಲ ಮೇಲೆ ಕೂತ ಪೋಷಕರ ನಡುವೆ, ನಾನು ಹೆಚ್ಚಾಗಿ ಕೇಳುವ ಮಾತು ‘ಲೈನ್’, ಅಂದರೆ ಬಾಯಿಪಾಠ ಮಾಡಿದ ನಡೆಗಳ ಸರಣಿ. ಇವನಿಗೆ ಎಷ್ಟು ಲೈನ್ ಬರುತ್ತದೆ, ಅವಳ ಫೈಲಿನಲ್ಲಿ ಎಷ್ಟು ಲೈನ್ ಇದೆ ಎಂಬ ಲೆಕ್ಕ. ನಮ್ಮ ಕಟ್ಟಡದ ಕನ್ನಡ ಮನೆಯ ಹುಡುಗನೊಬ್ಬ ಹೆಮ್ಮೆಯಿಂದ, ‘ಮಾಮಾ, ಕಿಂಗ್ಸ್ ಇಂಡಿಯನ್ ನಂಗೆ ಹದಿನೈದು ನಡೆವರೆಗೂ ಬಾಯಿಗೆ ಬರುತ್ತೆ’ ಅಂದ. ‘ಏಳನೇ ನಡೆಯಲ್ಲಿ ಇ5 ಯಾಕಪ್ಪಾ ಆಡ್ತೀ?’ ಎಂದರೆ, ‘ಅದೇ ಲೈನು ಮಾಮಾ’ ಎಂಬ ಉತ್ತರ. ಹುಡುಗ ಜಾಣ. ಅವನಿಗೆ ಕಾರಣ ಹೇಳಿದವರು ಯಾರೂ ಇಲ್ಲ, ಅಷ್ಟೆ. ಕಾರಣ ಇಷ್ಟೇ: ಡಿ6, ಜಿ6 ಎಂದು ಒಂದೊಂದೇ ಹೆಜ್ಜೆಯ ಬೇಲಿ ಕಟ್ಟಿಕೊಂಡು ನಡುಮನೆಯನ್ನು ಬಿಟ್ಟುಕೊಟ್ಟವನು ಯಾವಾಗಲಾದರೂ ಒಮ್ಮೆ ಗುದ್ದಲೇಬೇಕು. ಗುದ್ದದಿದ್ದರೆ ಬಿಟ್ಟುಕೊಟ್ಟ ಜಾಗ ನಿಜವಾಗಿಯೂ ಹೋಯಿತು, ಉಸಿರಾಡಲೂ ಎಡೆಯಿಲ್ಲ. ಕಿಂಗ್ಸ್ ಇಂಡಿಯನ್‌ನಲ್ಲಿ ಆ ಗುದ್ದು ಬಹುಮಟ್ಟಿಗೆ ಇ5, ಕೆಲವೊಮ್ಮೆ ಸಿ5. ಗ್ರುನ್‌ಫೆಲ್ಡ್‌ನಲ್ಲಿ ಬಹುಮಟ್ಟಿಗೆ ಸಿ5. ಜಿ7ರ ಒಂಟೆಯ ದಾರಿ ತೆರೆಯುವುದೂ ಆ ಗುದ್ದಿನಿಂದಲೇ. ಮಹೇಶಚಂದ್ರರಿಗೆ ಲೈನು ಕೊಟ್ಟವರು ಯಾರೂ ಇರಲಿಲ್ಲ; ಒಂದು ಆಟದಲ್ಲಿ ಸಿ5, ಇನ್ನೊಂದರಲ್ಲಿ ಇ5 ಅವರ ಕೈಯಿಂದಲೇ ಹೊರಟವು.

ಬಾಯಿಪಾಠಕ್ಕೆ ಜಾಗವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮೇಲಿನ ಹಂತದಲ್ಲಿ ನೆನಪು ಇಲ್ಲದೆ ನಡೆಯದು. ಆದರೆ ಅದರ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದಕ್ಕೆ ಆನಂದ್ ಅವರ ಒಂದು ಆಟ ಇದೆ. 2010ರ ಏಪ್ರಿಲ್, ಸೋಫಿಯಾ. ವಿಶ್ವ ಚಾಂಪಿಯನ್‌ಷಿಪ್ ಪಂದ್ಯ, ಎದುರಾಳಿ ಬಲ್ಗೇರಿಯಾದವರೇ ಆದ ತೊಪಾಲೋವ್. ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ನಿಂತಿದ್ದವು. ಆನಂದ್ ಜರ್ಮನಿಯಿಂದ ಸುಮಾರು 40 ಗಂಟೆ ರಸ್ತೆಯಲ್ಲೇ ಬಂದು ತಲುಪಿದ್ದರು. ಮೊದಲ ಆಟದಲ್ಲಿ ಕಪ್ಪು ಕಾಯಿ ಹಿಡಿದು ಅವರು ಆಡಿದ್ದು ಗ್ರುನ್‌ಫೆಲ್ಡ್. ಕುದುರೆ ಎಫ್6, ಜಿ6, ಡಿ5, ಕುದುರೆಗಳ ವಿನಿಮಯ, ಜಿ7ಕ್ಕೆ ಒಂಟೆ, ಸಿ5: ಬೆನ್ನೆಲುಬು 1855ರದೇ. ಇಪ್ಪತ್ತಮೂರನೇ ನಡೆಯಲ್ಲಿ ಸಿದ್ಧತೆಯ ಕ್ರಮ ಮರೆತು ರಾಜನನ್ನು ಎಫ್7ಕ್ಕೆ ಇಟ್ಟರು. ತೊಪಾಲೋವ್ ಕುದುರೆಯನ್ನು ಎಫ್6ರಲ್ಲಿ ಬಲಿಕೊಟ್ಟರು, ಮೂವತ್ತನೇ ನಡೆಗೆ ಆಟ ಮುಗಿಯಿತು. ಆನಂದ್ ಅಷ್ಟಕ್ಕೇ ಕುಸಿಯಲಿಲ್ಲ. ಹನ್ನೆರಡನೇ ಮತ್ತು ಕೊನೆಯ ಆಟವನ್ನು ಕಪ್ಪು ಕಾಯಿಯಿಂದಲೇ ಗೆದ್ದು ಪಟ್ಟ ಉಳಿಸಿಕೊಂಡರು. ಜಗತ್ತಿನ ಅತ್ಯಂತ ಹರಿತವಾದ ನೆನಪುಗಳಲ್ಲೊಂದು ಹೀಗೆ ಒಮ್ಮೆ ಕೈಕೊಡುವುದಾದರೆ, ಒಂಬತ್ತು ವರ್ಷದ ಮಗುವಿನ ತಲೆಯಲ್ಲಿ ಹದಿನೈದು ನಡೆಯ ಮೂವತ್ತು ಲೈನುಗಳನ್ನು ತುರುಕುವುದು ಯಾವ ನ್ಯಾಯ? ಎದುರಾಳಿ ಆರನೇ ನಡೆಯಲ್ಲಿ ಪುಸ್ತಕ ಬಿಟ್ಟು ಬೇರೆ ಆಡಿದರೆ ಆ ಮಗುವಿಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಗಡಿಯಾರ ನೋಡುತ್ತಾ ಕೂತ ಮಕ್ಕಳನ್ನು ನಾನು ಕಂಡಿದ್ದೇನೆ, ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಮನೆಯಲ್ಲಿ ಮಾಡಬಹುದಾದ ಒಂದು ಅಭ್ಯಾಸವಿದೆ. ಮಗುವನ್ನು ಕೂರಿಸಿಕೊಂಡು ಕೆಲವು ಆಟ ದೇಶಿ ನಿಯಮದಲ್ಲಿ ಆಡಿ. ಕಾಲಾಳಿಗೆ ಒಂದೇ ಹೆಜ್ಜೆ, ಕ್ಯಾಸ್ಲಿಂಗ್ ಇಲ್ಲ, ರಾಜನಿಗೆ ಒಮ್ಮೆ ಕುದುರೆ ಜಿಗಿತ. ಯಾವ ಲೈನೂ ಹೇಳಿಕೊಡಬೇಡಿ. ಸೇನೆಗಳು ಮುಟ್ಟುವ ಮೊದಲೇ ಎಷ್ಟು ಹೊತ್ತು ಸಿಗುತ್ತದೆ, ಆ ಹೊತ್ತಿನಲ್ಲಿ ಮಗುವಿನ ಕೈ ಕಾಯಿಗಳನ್ನು ಎಲ್ಲಿ ಕೂರಿಸುತ್ತದೆ ಎಂದು ಗಮನಿಸಿ. ಒಂಟೆಗೆ ದಾರಿ ಬೇಕೆಂದು ಜಿ ಕಾಲಾಳನ್ನೋ ಬಿ ಕಾಲಾಳನ್ನೋ ಅದು ತಾನಾಗಿಯೇ ಒಂದು ಹೆಜ್ಜೆ ಸರಿಸುವ ದಿನ ಬರುತ್ತದೆ. ಆಮೇಲೆ ಈಗಿನ ನಿಯಮಕ್ಕೆ ಬನ್ನಿ. ನೀವು ಬಿಳಿ ಹಿಡಿದು ಸಿ4, ಡಿ4, ಇ4, ಎಫ್4 ಎಂದು ನಾಲ್ಕೂ ಕಾಲಾಳುಗಳನ್ನು ಕಾಕ್ರೇನ್ ಹಾಗೆ ಸಾಲಾಗಿ ನಿಲ್ಲಿಸಿ, ಮಗುವಿಗೆ ಕಪ್ಪು ಕೊಡಿ. ಡಿ6, ಜಿ6, ಜಿ7ಕ್ಕೆ ಒಂಟೆ, ಕ್ಯಾಸ್ಲಿಂಗ್ ಆದ ಮೇಲೆ ಆಟ ನಿಲ್ಲಿಸಿ, ‘ಈ ಗೋಡೆಯಲ್ಲಿ ಯಾವ ಇಟ್ಟಿಗೆಗೆ ಮೊದಲು ಹೊಡೀತೀಯಾ, ಯಾಕೆ?’ ಎಂದು ಕೇಳಿ. ಉತ್ತರ ಇ5 ಆದರೂ ಸಿ5 ಆದರೂ ಪರವಾಗಿಲ್ಲ, ಅದರ ಜೊತೆಗೆ ‘ಯಾಕೆಂದರೆ’ ಎಂದು ಶುರುವಾಗುವ ಒಂದು ವಾಕ್ಯ ಬರಬೇಕು. ಅದು ಬಂದ ಮೇಲೆ ಲೈನುಗಳ ಫೈಲು ತೆರೆಯಿರಿ.